ಗಡಿಯಾರದಂತೆ ಬಡಿಯದ ಹೃದಯ

ಆರೋಗ್ಯವಂತನ ಹೃದಯವು ಗಡಿಯಾರದಂತೆ ಸಮನಾಗಿ ಬಡಿಯುವುದೆಂಬುದು ಸಾಮಾನ್ಯ ನಂಬಿಕೆ. ವಾಚಕರು ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ, ಆಳವಾಗಿ ಉಸಿರಾಡಿ ನೋಡಲಿ. ಉಸಿರನ್ನು ಒಳಕ್ಕೆಳೆದಾಗ ನಾಡಿಯು ತುಸು ಚುರುಕಾಗುವುದು, ಹೊರಬಿಟ್ಟಾಗ ನಿಧಾನಿಸುವುದು. ಹರೆಯದವರಲ್ಲಿ ಇದು ಸ್ಫುಟವಾಗಿರುತ್ತದೆ; ಇದು ರೋಗವಲ್ಲ.

ಹೃದಯದ ತಾಳವನ್ನು ನಿರ್ಧರಿಸುವ ಸೈನಸ್ ಗಂಟನ್ನು ಅದರಷ್ಟಕ್ಕೆ ಬಿಟ್ಟರೆ ಯುವಕರಲ್ಲಿ ನಿಮಿಷಕ್ಕೆ 100ರಷ್ಟು ಬಡಿತಗಳಾಗುತ್ತವೆ. ವೇಗಸ್ ನರವು ಅದಕ್ಕೆ ಕಡಿವಾಣ, ಸಿಂಪಥೆಟಿಕ್ ನರಗಳು ಚಾವಟಿ. ಇವೆರಡರ ಎಳೆದಾಟದ ಗುರುತೇ ಈ ಏರಿಳಿತ.

ಅದನ್ನು ಅಳೆಯಲು ಶರೀರವನ್ನು ಕೊಯ್ಯಬೇಕಿಲ್ಲ. ಹೃದಯದ ವಿದ್ಯುತ್ತು ಚರ್ಮದ ಮೇಲೆ ಸುಮಾರು ಒಂದು ಮಿಲಿವೋಲ್ಟಿನಷ್ಟು ವಿಭವಾಂತರವನ್ನುಂಟುಮಾಡುತ್ತದೆ. ಇದನ್ನು ತಂತಿ ಗ್ಯಾಲ್ವನೋಮೀಟರಿನಿಂದ ನಿಖರವಾಗಿ ದಾಖಲಿಸಿದ ಐಂಥೋವನ್ನನಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅವನ ಲೇಖದಲ್ಲಿ ‘ಆರ್’ ಎಂಬ ಚೂಪಾದ ಶಿಖರವಿದೆ. ಅಕ್ಕಪಕ್ಕದ ಎರಡು ಶಿಖರಗಳ ನಡುವಣ ಕಾಲವೇ ನಮಗೆ ಬೇಕಾದ ಅಂತರ.

ಐದು ಅಂತರಗಳು 800, 860, 780, 840, 820 ಮಿಲಿಸೆಕೆಂಡುಗಳೆನ್ನೋಣ. ಸರಾಸರಿ 820. ವಿಚಲನೆಗಳ ವರ್ಗಗಳ ಮೊತ್ತ 4000. ಐದರಿಂದ ಭಾಗಿಸಿದರೆ 800. ಅದರ ವರ್ಗಮೂಲ, ಎಂದರೆ ಮಾನಕ ವಿಚಲನೆ, ಸುಮಾರು 28. ಗಣಿತ ಇಷ್ಟೇ! ಆದರೆ ವೈದ್ಯರು ಐದು ಬಡಿತಗಳನ್ನಲ್ಲ, 24 ಗಂಟೆಗಳ ಸುಮಾರು ಒಂದು ಲಕ್ಷ ಬಡಿತಗಳನ್ನು ಪರಿಗಣಿಸುತ್ತಾರೆ. ಹಗಲಿರುಳಿನ ವ್ಯತ್ಯಾಸವೂ ಅದರಲ್ಲಿ ಸೇರುವುದರಿಂದ ಆ ಸಂಖ್ಯೆ ಬಹಳ ದೊಡ್ಡದು. ನಮ್ಮ 28ನ್ನು ಕಂಡು ಯಾರೂ ಗಾಬರಿಯಾಗಬೇಕಿಲ್ಲ.

1987ರಲ್ಲಿ ಅಮೆರಿಕದ ಕ್ಲೈಗರ್ ಮತ್ತು ಸಂಗಡಿಗರು, ಹೃದಯಾಘಾತದಿಂದ ಬದುಕುಳಿದ 808 ಜನರ ಇಂತಹ ಲೇಖಗಳನ್ನು ಕುರಿತು ವರದಿ ಮಾಡಿದರು. ಸರಾಸರಿ 31 ತಿಂಗಳುಗಳಲ್ಲಿ 127 ಮಂದಿ ತೀರಿಕೊಂಡಿದ್ದರು. ಮಾನಕ ವಿಚಲನೆಯು 50 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದವರ ಸಾವಿನ ಸಂಭವವು 100ಕ್ಕಿಂತ ಹೆಚ್ಚಿದ್ದವರದಕ್ಕಿಂತ 5.3 ಪಟ್ಟು. ಏರಿಳಿತವಿಲ್ಲದ ತಾಳವೇ ಅಪಾಯದ ಸೂಚನೆಯಾಯಿತು.

ಆದರೂ ಏರಿಳಿತವೆಲ್ಲವೂ ಶುಭವಲ್ಲ. ಹೃತ್ಕರ್ಣವು ಅದುರುವ ರೋಗದಲ್ಲಿ ಬಡಿತಗಳು ದಿಕ್ಕುಗೆಡುತ್ತವೆ. ವಿಚಲನೆ ಆಗಲೂ ದೊಡ್ಡದೇ. ಆದ್ದರಿಂದ ಸೈನಸ್ ಗಂಟಿನಿಂದ ಹೊರಟ ಬಡಿತಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ರಕ್ತನಾಳ ಕಟ್ಟಿದೆಯೇ ಎಂಬುದನ್ನೂ ಈ ಸಂಖ್ಯೆ ಹೇಳಲಾರದು.

ಅಪಾಯದ ಚಿಹ್ನೆಯನ್ನು ಔಷಧದಿಂದ ಅಳಿಸಿದರೆ ಅಪಾಯವೂ ಅಳಿಯುವುದೇ? ಲೇಖದಲ್ಲಿ ನಡುನಡುವೆ ಕಾಣುವ ಅಕಾಲ ಬಡಿತಗಳು ಮತ್ತೊಂದು ಅಂತಹ ಚಿಹ್ನೆ. ಅವನ್ನು ಅಡಗಿಸುವ ಎರಡು ಔಷಧಗಳನ್ನು ಹೃದಯಾಘಾತವಾದವರಿಗೆ ಕೊಟ್ಟು ನೋಡಿದ ಪರೀಕ್ಷೆಯ ಆ ಭಾಗವನ್ನು 1989ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಔಷಧ ಪಡೆದ 755 ಜನರಲ್ಲಿ 63 ಮಂದಿ ಸತ್ತಿದ್ದರು. ಹುಸಿಗುಳಿಗೆ ನುಂಗಿದ 743 ಜನರಲ್ಲಿ 26 ಮಂದಿ.