ಬೈಕಿನ ಕಬ್ಬಿಣಕ್ಕೆ ಕಪ್ಪು ಬಣ್ಣ



ಹಾಲಿನ ಕ್ಯಾನು, ಹಿಂಡಿಯ ಮೂಟೆ, ಅಡಿಕೆಯ ಗೋಣಿ ಹೊರುವ ಬೈಕು ಈಗ ಮನೆಯ ಎತ್ತಿನಂತೆ. ಎತ್ತಿನ ಮೈ ತೊಳೆಯುವ ನಾವು ಬೈಕಿನ ಮೈಯನ್ನು ಮರೆಯಬಾರದು. ಕೊಟ್ಟಾರದ ಕಡೆ ಕಡಲಿನ ಗಾಳಿಯಲ್ಲಿ ಉಪ್ಪಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ. ಉಪ್ಪೂ ತೇವವೂ ಸೇರಿದರೆ ತುಕ್ಕು ಬೇಗ ಹಿಡಿಯುತ್ತದೆ.

ತೋಟದಲ್ಲಿ ಇನ್ನೊಂದು ಶತ್ರು ಇದೆ. ಬೋರ್ಡೋ ದ್ರಾವಣದಲ್ಲಿ ಹೊಳೆಯುವ ಚಾಕು ಅದ್ದಿ ನೋಡುವುದು ನಿಮಗೆ ಗೊತ್ತು. ಸುಣ್ಣ ಸಾಲದಿದ್ದರೆ ಚಾಕು ಕೆಂಪಾಗುತ್ತದೆ. ಮೈಲುತುತ್ತಿನ ತಾಮ್ರ ಅಂಟಿಕೊಂಡು, ಕಬ್ಬಿಣ ಕರಗುತ್ತದೆ ಎಂದು ಇದರ ಅರ್ಥ. ಬೈಕಿನ ಮೇಲೆ ಮೈಲುತುತ್ತಿನ ನೀರು ಚೆಲ್ಲಿದರೂ ಹೀಗೆಯೇ. ಕೂಡಲೇ ತೊಳೆಯಿರಿ.

ಮೊದಲು ಪರೀಕ್ಷೆ: ತುಕ್ಕಿನ ಮೇಲೆಯೇ ಬಣ್ಣ ಬಳಿಯುವುದು ಗೆದ್ದಲು ತಿಂದ ಜಂತಿಗೆ ಸುಣ್ಣ ಬಳಿದಂತೆ. ಸ್ಟ್ಯಾಂಡು, ಕ್ಯಾರಿಯರ್, ಚಾಸಿಯ ಬೆಸುಗೆಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಪದರ ಎದ್ದರೆ, ತೂತು ಬಿದ್ದರೆ ಮೊದಲು ಮೆಕ್ಯಾನಿಕ್‌ಗೆ ತೋರಿಸಿ. ಬಣ್ಣ ಬಲ ಕೊಡುವುದಿಲ್ಲ. ಭಾರ ಹೊತ್ತಾಗ ಮುರಿದರೆ ಪ್ರಾಣಕ್ಕೇ ಅಪಾಯ.

ಮನೆಯಲ್ಲಿ ಬಳಿಯುವ ಕ್ರಮ:

1. ಭಾಗವನ್ನು ಬಿಚ್ಚಿ, ಜಿಡ್ಡು ಹೋಗುವಂತೆ ಸಾಬೂನಿನಿಂದ ತೊಳೆದು ಚೆನ್ನಾಗಿ ಒಣಗಿಸಿ.
2. ತಂತಿ ಬ್ರಷ್ಷು, ಎಮರಿ ಕಾಗದಗಳಿಂದ ತುಕ್ಕು ತಿಕ್ಕಿ ತೆಗೆಯಿರಿ. ಮೂಗಿಗೆ ಬಟ್ಟೆ ಇರಲಿ.
3. ಥಿನ್ನರ್‌ನಿಂದ ಒರಸಿ ಅದೇ ದಿನ ಪ್ರೈಮರ್ ಹಚ್ಚಿ. ಹತ್ತಿರ ಬೆಂಕಿ, ಬೀಡಿ ಬೇಡ.
4. ಒಣಗಿದ ಮೇಲೆ ಕಪ್ಪು ಎನಾಮೆಲ್ ಅನ್ನು ತೆಳ್ಳಗೆ ಎರಡು ಸಲ ಬಳಿಯಿರಿ. ದಪ್ಪ ಬಳಿದರೆ ಇಳಿಯುತ್ತದೆ.

ಪೌಡರ್ ಕೋಟಿಂಗ್ ಕಾರ್ಖಾನೆಯ ಕೆಲಸ. ಪುಡಿಗೆ ವಿದ್ಯುತ್ ಆವೇಶ ಕೊಟ್ಟು ಸಿಂಪಡಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಗೂಡಿನಲ್ಲಿ ಇಡುತ್ತಾರೆ. ಪುಡಿ ಕರಗಿ ಒಂದೇ ಗಟ್ಟಿ ಪದರವಾಗುತ್ತದೆ. ಸ್ಟ್ಯಾಂಡು, ಕ್ಯಾರಿಯರ್, ಲೆಗ್ ಗಾರ್ಡಿಗೆ ಇದು ಉತ್ತಮ. ಖರ್ಚು ಹೆಚ್ಚು, ಬಾಳಿಕೆಯೂ ಹೆಚ್ಚು. ಕೊಡುವ ಮೊದಲು ರಬ್ಬರ್, ಪ್ಲಾಸ್ಟಿಕ್, ಬೇರಿಂಗ್ ತೆಗೆಯಿರಿ. ಬೋಲ್ಟಿನ ಮರೆಗಳನ್ನು ಮುಚ್ಚಲು ಹೇಳಿ. ಪದರ ಎಲ್ಲಾದರೂ ಎದ್ದರೆ ನೀರು ಒಳಗಿಳಿದು ಗುಟ್ಟಾಗಿ ತುಕ್ಕು ಹಬ್ಬುತ್ತದೆ. ಆದ್ದರಿಂದ ಕೂಡಲೇ ತಿಕ್ಕಿ ಬಣ್ಣ ಮುಟ್ಟಿಸಿ.

ನೆನಪಿಡಿ: ಪೆಟ್ರೋಲು ಟ್ಯಾಂಕು, ಶಾಕ್ ಅಬ್ಸಾರ್ಬರ್‌ಗಳನ್ನು ಗೂಡಿಗೆ ಕೊಡಬೇಡಿ. ಖಾಲಿ ಟ್ಯಾಂಕಿನ ಆವಿಯೂ ಸಿಡಿಯಬಲ್ಲದು. ಬ್ರೇಕಿನ ಡಿಸ್ಕಿಗೆ, ಡ್ರಮ್ಮಿನ ಒಳಮೈಗೆ ಬಣ್ಣ ತಾಗಬಾರದು. ತಾಗಿದರೆ ಬ್ರೇಕು ಹಿಡಿಯದು. ಸೈಲೆನ್ಸರಿಗೆ ಶಾಖ ತಡೆಯುವ ಬಣ್ಣವೇ ಬೇಕು. ಚಾಸಿ ನಂಬರನ್ನು ತಿಕ್ಕಬೇಡಿ, ಮುಚ್ಚಬೇಡಿ.

ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿನಲ್ಲಿ ಈ ಕೆಲಸ ಮುಗಿಸಿ. ಮಳೆ ಬಂದ ಮೇಲೆ ಕೊಟ್ಟಿಗೆಯ ಮಾಡು ಹೊದೆಸುವವರು ಯಾರೂ ಇಲ್ಲ.