ಊರವರೇ ಸೇರಿ ಕಾಡು ಕೊಳ್ಳಬೇಕೆಂದರೆ...

ಮಲೆನಾಡಿನ ಬಹುತೇಕ ಊರುಗಳಲ್ಲಿ ಇಂಥದ್ದೊಂದು ಜಾಗ ಇದ್ದೇ ಇರುತ್ತದೆ. ಒಂದು ಕಾಲಕ್ಕೆ ಏಲಕ್ಕಿಯೋ ಕಾಫಿಯೋ ಬೆಳೆಯುತ್ತಿದ್ದು, ಈಗ ಕೈಬಿಟ್ಟು, ಮರ ಬಳ್ಳಿ ಮುಚ್ಚಿಕೊಂಡ ಹತ್ತಿಪ್ಪತ್ತು ಎಕರೆ. ಊರ ಹಳ್ಳ ಹುಟ್ಟುವುದೇ ಅಲ್ಲಿ. ಯಜಮಾನರಿಗೆ ವಯಸ್ಸಾಗಿದೆ, ಮಕ್ಕಳು ಬೆಂಗಳೂರು ಸೇರಿದ್ದಾರೆ. ಜಮೀನು ಮಾರುತ್ತಾರಂತೆ ಎಂಬ ಸುದ್ದಿ ಹೊರಬಿದ್ದರೆ ಸಾಕು, ರೆಸಾರ್ಟ್ ಕಟ್ಟುವವರು, ನಾಟಾ ವ್ಯಾಪಾರಿಗಳು ಬಾಗಿಲಿಗೆ ಬರುತ್ತಾರೆ.

ಅಂಥ ಜಾಗವನ್ನು ಊರವರೇ ಕೂಡಿ ಕೊಂಡು ಕಾಡಾಗಿಯೇ ಉಳಿಸಿಕೊಳ್ಳಬಹುದು. ಕೊಡಗಿನಲ್ಲಿ ಪಮೇಲಾ ಮತ್ತು ಅನಿಲ್ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆ ಕೊಂಡು ಆರಂಭಿಸಿದ ಸಾಯಿ ಅಭಯಧಾಮ ಸುಮಾರು 300 ಎಕರೆಗೆ ಬೆಳೆಯಿತು. ಚಾಮರಾಜನಗರ ಜಿಲ್ಲೆಯ ಎಡೆಯಾರಳ್ಳಿ–ದೊಡ್ಡಸಂಪಿಗೆ ಆನೆ ಕಾರಿಡಾರ್‌ನಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆ ಖಾಸಗಿ ಜಮೀನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಸ್ಕಾಟ್ಲೆಂಡಿನ ಲ್ಯಾಂಗ್‌ಹೋಮ್ ಎಂಬ ಪುಟ್ಟ ಪಟ್ಟಣದ ಜನ ಚಂದಾ ಎತ್ತಿ 2021 ಮತ್ತು 2022ರಲ್ಲಿ ಎರಡು ಕಂತಿನಲ್ಲಿ 10 ಸಾವಿರ ಎಕರೆಗೂ ಮಿಕ್ಕಿದ ಬೆಟ್ಟ ಬಯಲನ್ನು ತಮ್ಮದಾಗಿಸಿಕೊಂಡರು.

ಆದರೆ ಕೊಂಡ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ. ದಾಖಲೆ ಗಟ್ಟಿಯಿರಬೇಕು, ನೆರೆಹೊರೆಯವರ ಒಪ್ಪಿಗೆ ಬೇಕು, ನೋಂದಣಿಯ ನಂತರವೂ ಕಾವಲಿಗೆ ಜನ ಮತ್ತು ಹಣ ಇರಬೇಕು. ಈ ಮೂರನ್ನೂ ಗಮನದಲ್ಲಿಟ್ಟುಕೊಂಡು ಹೆಜ್ಜೆ ಇಡುವ ಕ್ರಮ ಇಲ್ಲಿದೆ.

1. ಅದು ಮಾರಾಟಕ್ಕೆ ಬರುವ ಜಾಗವೇ?

ಕಾಡಿನಂತೆ ಕಾಣುವುದೆಲ್ಲ ಖಾಸಗಿಯಲ್ಲ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಬಿಟ್ಟ ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಊರಿನ ಗೋಮಾಳ, ಇವುಗಳಲ್ಲಿ ಜನರಿಗಿರುವುದು ಬಳಕೆಯ ಸವಲತ್ತು, ಭೂಮಿ ಸರ್ಕಾರದ್ದು. ಇಂಥ ಜಾಗವನ್ನು ಯಾರಾದರೂ ‘ನಮ್ಮದೇ’ ಎಂದು ಮಾರಲು ಬಂದರೆ ಮುಂಗಡ ಕೊಡಬೇಡಿ. ಕೊಡಗಿನ ಬಾಣೆ ಜಮೀನಿನ ಹಕ್ಕುಗಳು ಇನ್ನೂ ಜಟಿಲ. ಅಲ್ಲಿನ ಕಂದಾಯ ಪದ್ಧತಿ ಬಲ್ಲ ವಕೀಲರಿಲ್ಲದೆ ಮುಂದುವರಿಯಬಾರದು.

ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4 ಅಥವಾ 17ರ ಅಧಿಸೂಚನೆಯಲ್ಲಿ ಆ ಸರ್ವೆ ನಂಬರ್ ಇದೆಯೇ, ಪರಿಭಾವಿತ ಅರಣ್ಯದ ಪಟ್ಟಿಯಲ್ಲಿ ಸೇರಿದೆಯೇ ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ.

ಕಾಡು ಸರ್ಕಾರದ್ದಾದರೆ ದಾರಿ ಮುಚ್ಚಿತೆಂದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಯ ಮೂಲಕ ಸಮುದಾಯದ ಹಕ್ಕು ಕೇಳಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಆ ಹಕ್ಕು ಪಡೆದರು.

2. ಪಹಣಿಯನ್ನು ಸಾಲು ಸಾಲಾಗಿ ಓದಿ

ಭೂಮಿ ತಂತ್ರಾಂಶದಿಂದ ಹೊಸ ಪಹಣಿ ತೆಗೆಸಿ. ವಿಸ್ತೀರ್ಣದ ಕಾಲಂನಲ್ಲಿ ಖರಾಬು ಎಷ್ಟಿದೆ ನೋಡಿ. ‘ಎ’ ಖರಾಬು ಸಾಗುವಳಿಗೆ ಬಾರದ ಜಾಗ. ‘ಬಿ’ ಖರಾಬು ಹಳ್ಳ, ದಾರಿ ಮುಂತಾದ ಸಾರ್ವಜನಿಕ ಬಳಕೆಯದು. 20 ಎಕರೆಯಲ್ಲಿ 4 ಎಕರೆ ‘ಬಿ’ ಖರಾಬಾದರೆ ನೀವು ದುಡ್ಡು ಕೊಡಬೇಕಾದ್ದು 16 ಎಕರೆಗೆ ಮಾತ್ರ. 9ನೇ ಕಾಲಂನಲ್ಲಿರುವ ಎಲ್ಲ ಹೆಸರಿನವರೂ ಸಹಿ ಹಾಕಬೇಕು. ಅಣ್ಣ ಒಪ್ಪಿದ, ತಂಗಿ ಆಮೇಲೆ ಸಹಿ ಹಾಕುತ್ತಾಳೆ ಎಂಬ ಮಾತು ನಂಬಿ ಹಣ ಕಟ್ಟಬೇಡಿ. 11ನೇ ಕಾಲಂನಲ್ಲಿ ಸಾಲ, ತಕರಾರು, ಷರತ್ತು ಇದ್ದರೆ ಅಲ್ಲೇ ಕಾಣುತ್ತದೆ.

ಜತೆಗೆ ಮ್ಯುಟೇಶನ್ ಪ್ರತಿಗಳು, ಕನಿಷ್ಠ 30 ವರ್ಷದ ಋಣಭಾರ ಪತ್ರ, ಜಮೀನು ಮೂಲದಲ್ಲಿ ಮಂಜೂರಾದ ಆದೇಶ ಇವಿಷ್ಟನ್ನೂ ತೆಗೆಸಿ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಕಾಡು ಉಳಿಸುವ ಹೆಸರಿನಲ್ಲಿ ಬಡವರ ನೆಲ ಕೈತಪ್ಪುವುದು ಅನ್ಯಾಯವೂ ಹೌದು.

3. ಊರವರನ್ನು ಕೂರಿಸಿ ಮಾತಾಡಿ

ಬೆಲೆ ಕುದುರುವ ಮೊದಲೇ ಆ ಕಾಡಿಗೆ ಯಾರು, ಯಾವ ತಿಂಗಳಲ್ಲಿ, ಯಾತಕ್ಕೆ ಹೋಗುತ್ತಾರೆಂದು ಪಟ್ಟಿ ಮಾಡಿ. ಬೇಸಿಗೆಯಲ್ಲಿ ಕೊಟ್ಟಿಗೆಗೆ ದರಗು ಗುಡಿಸುವವರು, ಜೇನು ಕೀಳುವವರು, ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಆರಿಸುವವರು, ಚೌಡಿ ಬನಕ್ಕೆ ವರ್ಷಕ್ಕೊಮ್ಮೆ ಪೂಜೆ ಒಯ್ಯುವವರು ಇದ್ದೇ ಇರುತ್ತಾರೆ. ಯಾವುದು ಮುಂದುವರಿಯಬಹುದು, ಯಾವುದಕ್ಕೆ ಮಿತಿ ಬೇಕು, ಯಾವುದು ನಿಲ್ಲಬೇಕು ಎಂಬುದನ್ನು ಅವರೆದುರೇ ತೀರ್ಮಾನಿಸಿ ಬರೆದಿಡಿ. ಉಪ್ಪಾಗೆ ಆರಿಸಬಹುದು, ಆದರೆ ಕೊಂಬೆ ಕಡಿಯುವಂತಿಲ್ಲ ಎಂಬಷ್ಟು ಸ್ಪಷ್ಟವಾಗಿರಲಿ. ಸಭೆಗೆ ಹೆಂಗಸರು ಬರಲೇಬೇಕು. ಸೌದೆ, ಸೊಪ್ಪಿನ ಲೆಕ್ಕ ಗೊತ್ತಿರುವುದು ಅವರಿಗೆ.

4. ಯಾರ ಹೆಸರಿಗೆ?

ಒಬ್ಬರ ಹೆಸರಿಗೆ ಬರೆಸಿದರೆ ಮುಂದೆ ಅವರ ವಾರಸುದಾರರ ಪಾಲಾಗುತ್ತದೆ. ಸಾರ್ವಜನಿಕ ಟ್ರಸ್ಟ್, ಕನಿಷ್ಠ ಏಳು ಜನರಿದ್ದರೆ 1960ರ ಕಾಯ್ದೆಯಡಿ ನೋಂದಾಯಿತ ಸಂಘ, ಅಥವಾ ಲಾಭರಹಿತ ಸೆಕ್ಷನ್ 8 ಕಂಪನಿ, ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ಜಮೀನನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಸಂಸ್ಥೆ ಮುಚ್ಚಿದರೆ ಇದೇ ಉದ್ದೇಶದ ಮತ್ತೊಂದು ಸಂಸ್ಥೆಗೆ ಸೇರಬೇಕು ಎಂಬ ಷರತ್ತುಗಳು ಮೂಲಪತ್ರದಲ್ಲೇ ಇರಲಿ.

2020ರ ಭೂ ಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೂ ಭೂಮಿತಿ, ಬಳಕೆಯ ಷರತ್ತು ನಿಮ್ಮ ಸಂಸ್ಥೆಗೆ ಹೇಗೆ ಅನ್ವಯಿಸುತ್ತವೆ ಎಂದು ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯಿರಿ.

5. ಹಣ ಕೂಡಿಸುವುದು

ಬಂದದ್ದೆಲ್ಲ ದೇಣಿಗೆಯೇ ಆಗಿರಲಿ. ಪಾಲು, ಲಾಭ, ಮುಂದೆ ಮನೆ ಕಟ್ಟಲು ಜಾಗ ಎಂಬ ಆಸೆ ತೋರಿಸಿ ಹಣ ಎತ್ತಿದರೆ ಕಾನೂನಿನ ತೊಡಕು ಖಂಡಿತ. ಆದಾಯ ತೆರಿಗೆ ಇಲಾಖೆಯಲ್ಲಿ ದತ್ತಿ ಸಂಸ್ಥೆಯಾಗಿ ನೋಂದಣಿ ಮಾಡಿಸಿ, ದೇಣಿಗೆ ರಿಯಾಯಿತಿಯ ಮಾನ್ಯತೆಯನ್ನೂ ಪಡೆದರೆ ದಾನಿಗಳಿಗೆ ರಿಯಾಯಿತಿ ಸಿಗುತ್ತದೆ, ಕಂಪನಿಗಳ ಸಿಎಸ್‌ಆರ್ ನಿಧಿ ಕೇಳಲೂ ದಾರಿಯಾಗುತ್ತದೆ. ಹೊರದೇಶದಲ್ಲಿದ್ದರೂ ಭಾರತೀಯ ಪೌರತ್ವ ಉಳಿಸಿಕೊಂಡ ಊರವರು ಬ್ಯಾಂಕ್ ಮೂಲಕ ತಮ್ಮ ಉಳಿತಾಯದಿಂದ ಕೊಡಬಹುದು. ವಿದೇಶಿ ಪೌರತ್ವ ಪಡೆದವರ ಹಣಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿ ಬೇಕು.

ಜಮೀನಿನ ಬೆಲೆಯೊಂದನ್ನೇ ಗುರಿಯಾಗಿಸಿಕೊಳ್ಳಬೇಡಿ. ಮುದ್ರಾಂಕ ಮತ್ತು ನೋಂದಣಿ ಶುಲ್ಕ, ಅಳತೆ, ವಕೀಲರ ಖರ್ಚು, ಕನಿಷ್ಠ ಐದು ವರ್ಷದ ಕಾವಲುಗಾರರ ಸಂಬಳ ಸೇರಿಸಿ ಲೆಕ್ಕ ಹಾಕಿ. ಅಷ್ಟು ಕೂಡದಿದ್ದರೆ ಲ್ಯಾಂಗ್‌ಹೋಮ್‌ನವರಂತೆ ಕಂತಿನಲ್ಲಿ ಕೊಳ್ಳಿ. ಮೊದಲ ಕಂತಿನಲ್ಲಿ ನೀರಿನ ಸೆಲೆಯಿರುವ ಭಾಗ ಬರಲಿ.

6. ಕರಾರು, ಅಳತೆ, ನೋಂದಣಿ

ಕರಾರಿನ ದಿನದಿಂದ ನೋಂದಣಿಯವರೆಗೆ ಒಂದು ಮರವನ್ನೂ ಕಡಿಯುವಂತಿಲ್ಲ ಎಂದು ಕರಾರುಪತ್ರದಲ್ಲಿ ಬರೆಸಿ. ದೊಡ್ಡ ಮರಗಳಿಗೆ ನಂಬರು ಹಾಕಿ ಪಟ್ಟಿಯನ್ನು ಅದಕ್ಕೆ ಲಗತ್ತಿಸಿ. ಕೊಡಗಿನಲ್ಲಾದರೆ ಜಮೀನು ರಿಡೀಮ್ಡೋ ಅನ್‌ರಿಡೀಮ್ಡೋ ಕೇಳಿ. ಅನ್‌ರಿಡೀಮ್ಡ್ ಜಾಗದಲ್ಲಿ ಮರದ ಮೇಲಿನ ಹಕ್ಕು ಸರ್ಕಾರದ್ದು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಹದ್ದುಬಸ್ತು ಮಾಡಿಸಿ, ಅಕ್ಕಪಕ್ಕದವರ ಎದುರಲ್ಲೇ ಗಡಿಕಲ್ಲು ನೆಡಿ. ನೋಂದಣಿಯಾದ ಮೇಲೆ ಪಹಣಿಯಲ್ಲಿ ಸಂಸ್ಥೆಯ ಹೆಸರು ಬರುವವರೆಗೂ ಬೆನ್ನುಬಿಡಬೇಡಿ.

7. ಕಾನೂನಿನ ಕವಚ

ಒಂದು ತಲೆಮಾರು ಉಳಿಸಿದ್ದನ್ನು ಮುಂದಿನ ಸಮಿತಿ ಬೇರೆ ಬಳಕೆಗೆ ತಿರುಗಿಸದಂತೆ ತಡೆಯಲು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 36ಸಿ ನೆರವಿಗಿದೆ. ಖಾಸಗಿ ಅಥವಾ ಸಮುದಾಯದ ಜಮೀನನ್ನು ಮಾಲೀಕರು ಸ್ವಇಚ್ಛೆಯಿಂದ ಮುಂದಿಟ್ಟರೆ ಸರ್ಕಾರ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಬಹುದು. ಹೆಜ್ಜಾರ್ಲೆಗಳಿಗೆ ಹೆಸರಾದ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಹೀಗೆ ಘೋಷಣೆಯಾಯಿತು. ಘೋಷಣೆಯಾದ ಮೇಲೆ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಭೂಬಳಕೆ ಬದಲಿಸುವಂತಿಲ್ಲ. ಖಾಸಗಿ ಜಮೀನಾದರೆ ಸಮಿತಿಯಲ್ಲಿ ಮಾಲೀಕರು, ಅರಣ್ಯ ಇಲಾಖೆ, ಪಂಚಾಯಿತಿ ಮೂವರ ಪ್ರತಿನಿಧಿಗಳೂ ಇರುತ್ತಾರೆ. ಈ ಕಟ್ಟುಪಾಡು ನಿಮಗೂ ಅನ್ವಯಿಸುತ್ತದೆ, ಆದ್ದರಿಂದ ಊರಿನ ಒಪ್ಪಿಗೆ ಪಡೆದೇ ಅರ್ಜಿ ಹಾಕಿ.

8. ಕಾಡಿನ ಆರೈಕೆ

ಕೊಂಡ ಕೂಡಲೇ ಗುಂಡಿ ತೆಗೆದು ಗಿಡ ನೆಡುವ ಉತ್ಸಾಹ ಬೇಡ. ಬೆಂಕಿ, ಕೊಡಲಿ, ದನ ಮೂರನ್ನೂ ತಡೆದರೆ ಮಲೆನಾಡಿನ ಮಣ್ಣಿನಲ್ಲಿ ಕಾಡು ತಾನೇ ಚಿಗುರುತ್ತದೆ. ಬೀಜದ ಮರಗಳೇ ಉಳಿಯದ ಕಡೆ ಮಾತ್ರ ಹೊನ್ನೆ, ಮತ್ತಿ, ನಂದಿ, ರಂಜದಂಥ ಅಲ್ಲಿನದೇ ಗಿಡಗಳನ್ನು ನೆಡಿ. ಲಂಟಾನ, ಯುಪಟೋರಿಯಂ ಹೂ ಬಿಡುವ ಮೊದಲೇ ಬೇರುಸಹಿತ ಕಿತ್ತುಹಾಕಿ. ಜನವರಿ ಮುಗಿಯುವುದರೊಳಗೆ ಗಡಿಯುದ್ದಕ್ಕೂ ತರಗೆಲೆ ಗುಡಿಸಿ ಬೆಂಕಿರೇಖೆ ಮಾಡಿ. ರಾಮಪತ್ರೆ ಜಡ್ಡಿಯಂಥ ಜೌಗು ಇದ್ದರೆ ನೀರು ಹರಿದುಹೋಗುವಂತೆ ಕಾಲುವೆ ತೋಡಲೇಬೇಡಿ. ಆನೆ, ಕಾಟಿ ಓಡಾಡುವ ದಾರಿಗೆ ಬೇಲಿ ಹಾಕಬೇಡಿ. ಕಾವಲಿಗೆ ಊರಿನವರನ್ನೇ ನೇಮಿಸಿ, ಸಂಬಳ ತಿಂಗಳು ತಪ್ಪದೆ ಕೊಡಿ.

ಖರ್ಚುವೆಚ್ಚದ ಲೆಕ್ಕವನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿ ಹೇಳಿ, ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಒಂದು ಪ್ರತಿ ಕೊಡಿ. ಆಗ ಅದು ಯಾರೋ ನಾಲ್ಕು ಜನರ ಟ್ರಸ್ಟಿನ ಜಮೀನಾಗಿ ಉಳಿಯುವುದಿಲ್ಲ, ಇಡೀ ಊರಿನ ಕಾಡಾಗುತ್ತದೆ. ನಿಮ್ಮೂರಲ್ಲಿ ಇಂಥ ಜಾಗವೊಂದು ಕಣ್ಣಿಗೆ ಬಿದ್ದಿದ್ದರೆ ಮಾರಾಟದ ಸುದ್ದಿಗೆ ಕಾಯಬೇಡಿ. ಸರ್ವೆ ನಂಬರ್ ಗುರುತು ಮಾಡಿಕೊಂಡು ಪಹಣಿ ತೆಗೆಸಿ, ಯಜಮಾನರನ್ನು ಈಗಲೇ ಮಾತಾಡಿಸಿ. ತಮ್ಮ ಹಿರಿಯರು ಕಾಪಾಡಿದ ಮರಗಳು ಹಾಗೇ ಇರಲಿ ಎಂದು ಬಯಸುವ ಮಾರಾಟಗಾರರೂ ನಮ್ಮ ನಡುವೆ ಇದ್ದಾರೆ. ಅವರ ಬಳಿಗೆ ಮೊದಲು ಹೋಗಬೇಕಾದವರು ಊರಿನವರು.