ಗಣಕಯಂತ್ರದ ದೋಷಶೋಧನೆ

ಹೊಸ ಗಣಕಯಂತ್ರಕ್ಕೆ ಆಪರೇಟಿಂಗ್ ಸಿಸ್ಟಂ ಅಳವಡಿಸುವ ಕಾರ್ಯವು ನಡುವೆಯೇ ನಿಂತರೆ, ಎಲ್ಲಿ ನಿಂತಿತೆಂಬುದನ್ನು ವಿದ್ಯಾರ್ಥಿಗಳು ಪ್ರತಿಸಲವೂ ಬರೆದಿಡತಕ್ಕದ್ದು. ಓಲೆಗ್ರಂಥಗಳ ಶೋಧನೆಯಲ್ಲಿ, ಪ್ರತಿಗಳೆಲ್ಲದರಲ್ಲಿಯೂ ಒಂದೇ ತಪ್ಪಿದ್ದರೆ ಮಾತೃಕೆಯನ್ನೂ, ಪ್ರತಿಗೊಂದು ತಪ್ಪಿದ್ದರೆ ಲಿಪಿಕಾರನನ್ನೂ ಶಂಕಿಸುವುದು ರೂಢಿ. ಇಲ್ಲಿಯೂ ಹಾಗೆಯೇ. ಒಂದೇ ಕಡತದಲ್ಲಿ ಮತ್ತೆ ಮತ್ತೆ ನಿಂತರೆ ಪೆನ್‌ಡ್ರೈವಿನ ಮೂಲಪ್ರತಿಯೇ ಕೆಟ್ಟಿರಬಹುದು. ಸಲಕ್ಕೊಂದು ಕಡೆ ನಿಂತರೆ ರ್‍ಯಾಮ್ ಶಂಕಾಸ್ಪದವು. ಏಕೆಂದರೆ ಕಡತಗಳು ಅದರ ಮೂಲಕವೇ ಹಾದು ಡಿಸ್ಕನ್ನು ಸೇರುತ್ತವೆ. ಅಲ್ಲಿ ಒಂದು ಸೊನ್ನೆ ಒಂದಾದರೂ ಪಾಠವು ಅಶುದ್ಧ. ಮೆಮ್‌ಟೆಸ್ಟ್೮೬ ಎಂಬ ಪರೀಕ್ಷೆಯು ಪೆನ್‌ಡ್ರೈವಿನಿಂದಲೇ ನಡೆಯುತ್ತದೆ. ಅದರಲ್ಲಿ ಒಂದೇ ದೋಷ ಕಂಡರೂ ಉಪೇಕ್ಷೆ ಸಲ್ಲದು. ಹೇಗೋ ಅಳವಡಿಕೆ ಮುಗಿದರೂ ಮುಂದೆ ಅಂಕಪಟ್ಟಿಗಳು ಸದ್ದಿಲ್ಲದೆ ಕೆಟ್ಟಾವು. ವಿದ್ಯುತ್ ಸಂಪರ್ಕ ತೆಗೆದು, ರ್‍ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಕೂರಿಸಿ ಪರೀಕ್ಷಿಸಬೇಕು. ದೋಷವು ಪಟ್ಟಿಯೊಡನೆ ಸ್ಥಳ ಬದಲಿಸಿದರೆ ಪಟ್ಟಿಯನ್ನು, ಒಂದೇ ಸ್ಲಾಟಿನಲ್ಲಿ ಉಳಿದರೆ ಮದರ್‌ಬೋರ್ಡನ್ನು ವಾರಂಟಿಯ ಅವಧಿಯೊಳಗೆ ಹಿಂದಿರುಗಿಸತಕ್ಕದ್ದು.